ಕಾಣದ ಜಪಾನಿಗಾಗಿ ಒಂದು ಕೊಳ: ಚಿತ್ರಕಾರ ಕ್ಲೋದ್ ಮೊನೆಯ ಬದುಕು

ನಮ್ಮಲ್ಲಿ ಎಷ್ಟೋ ಮನೆಗಳ ಗೋಡೆಯ ಮೇಲೆ ಮಕ್ಕಾ ಮತ್ತು ಮದೀನಾದ ಚಿತ್ರಗಳು ತೂಗುತ್ತಿರುತ್ತವೆ. ಮನೆಯ ಹಿರಿಯರು ಬೆಳಗ್ಗೆ ಎದ್ದ ಕೂಡಲೇ ಆ ಚಿತ್ರವನ್ನು ಒಮ್ಮೆ ನೋಡಿ ಕೆಲಸಕ್ಕೆ ತೊಡಗುತ್ತಾರೆ. ಅವರಲ್ಲಿ ಅನೇಕರಿಗೆ ಅಲ್ಲಿಗೆ ಹೋಗುವ ಅನುಕೂಲ ಕೊನೆಯವರೆಗೂ ಒದಗುವುದಿಲ್ಲ. ಆದರೆ ಆ ಹಂಬಲ ಅವರ ನಡೆನುಡಿಯನ್ನೇ ತಿದ್ದಿರುತ್ತದೆ. ಅದು ಇಬಾದತ್ತಿಗೆ ಸಂಬಂಧಿಸಿದ ಹಂಬಲ, ಅದಕ್ಕೆ ಬೇರೆ ಯಾವುದನ್ನೂ ಹೋಲಿಸಲಾಗದು. ಆದರೂ ಕಾಣದ ಊರೊಂದು ಮನುಷ್ಯನ ಬದುಕನ್ನು ಹೇಗೆ ರೂಪಿಸಬಲ್ಲದು ಎಂಬುದು ನಮಗೆ ಹೊಸ ವಿಷಯವಲ್ಲ ಎಂದು ಹೇಳಲು ಇದನ್ನು ನೆನಪಿಸಿದೆ. ಉರ್ದುವಿನಲ್ಲಿ ಇದಕ್ಕೆ ಎರಡು ಪದಗಳಿವೆ. ಒಂದು ಹಸರತ್, ಅಂದರೆ ಈಡೇರದೆ ಉಳಿದ ಆಸೆಯ ನೋವು. ಇನ್ನೊಂದು ಶೌಕ್, ಅಂದರೆ ಮನುಷ್ಯನನ್ನು ಕೆಲಸಕ್ಕೆ ಹಚ್ಚುವ ಆಸೆ. ಈ ಎರಡರ ನಡುವಿನ ವ್ಯತ್ಯಾಸವನ್ನು ತನ್ನ ಬದುಕಿನಿಂದ ತೋರಿಸಿಕೊಟ್ಟ ಫ್ರಾನ್ಸ್ ದೇಶದ ಚಿತ್ರಕಾರ ಕ್ಲೋದ್ ಮೊನೆಯವರ ಕಥೆಯನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊನೆ ಹುಟ್ಟಿದ್ದು 1840ರ ನವೆಂಬರ್ 14ರಂದು, ಪ್ಯಾರಿಸ್ಸಿನಲ್ಲಿ. ಐದು ವರ್ಷದವರಿದ್ದಾಗ ಕುಟುಂಬ ಲ ಆವ್ರ್ ಎಂಬ ಬಂದರು ಪಟ್ಟಣಕ್ಕೆ ಬಂದು ನೆಲೆಸಿತು. ತಂದೆ ವ್ಯಾಪಾರಿ. ಮಗನೂ ಅಂಗಡಿ ನೋಡಿಕೊಳ್ಳಲಿ ಎಂಬುದು ಅವರ ಇಚ್ಛೆ. ಹುಡುಗನಿಗೆ ಶಾಲೆ ರುಚಿಸಲಿಲ್ಲ. ಪುಸ್ತಕದ ಅಂಚಿನಲ್ಲಿ ಮೇಷ್ಟರುಗಳ ವ್ಯಂಗ್ಯಚಿತ್ರ ಬರೆಯುತ್ತಿದ್ದ. ನಮ್ಮ ತರಗತಿಗಳಲ್ಲೂ ಇಂಥವರು ಇರುತ್ತಾರೆ, ಅವರ ಮೇಲೆ ನಾವು ರೇಗುತ್ತೇವೆ. ಈ ಹುಡುಗನ ವ್ಯಂಗ್ಯಚಿತ್ರಗಳಾದರೋ ಊರಿನ ಅಂಗಡಿಯ ಕಿಟಕಿಯಲ್ಲಿ ಮಾರಾಟಕ್ಕೆ ಇಡುವಷ್ಟು ಚೆನ್ನಾಗಿದ್ದವು. ಅದೇ ಊರಿನ ಹಿರಿಯ ಚಿತ್ರಕಾರ ಯೂಜೀನ್ ಬೂದಾಂ ಅವರು ಹುಡುಗನನ್ನು ಸಮುದ್ರದ ದಂಡೆಗೆ ಕರೆದೊಯ್ದು, ಕೋಣೆಯೊಳಗೆ ಕೂರದೆ ಬಯಲಲ್ಲಿ ನಿಂತು ಆಕಾಶವನ್ನು ನೋಡುತ್ತಾ ಚಿತ್ರ ಬರೆಯುವುದನ್ನು ಕಲಿಸಿದರು. 1857ರಲ್ಲಿ, ಮೊನೆಗೆ ಹದಿನಾರು ವರ್ಷವಿದ್ದಾಗ, ತಾಯಿ ತೀರಿಕೊಂಡರು. ಆ ಮೇಲೆ ಚಿತ್ರಕಲೆಯಲ್ಲಿ ಆಸಕ್ತಿಯಿದ್ದ ಒಬ್ಬ ಅತ್ತೆ ಅವರ ಬೆನ್ನಿಗೆ ನಿಂತರು.

ಇಪ್ಪತ್ತನೆಯ ವಯಸ್ಸಿನಲ್ಲಿ ಕಡ್ಡಾಯ ಸೈನ್ಯಸೇವೆಯ ಚೀಟಿಯಲ್ಲಿ ಅವರ ಹೆಸರು ಬಂತು. 1861ರಲ್ಲಿ ಅವರನ್ನು ಅಲ್ಜೀರಿಯಾಕ್ಕೆ ಕಳಿಸಲಾಯಿತು. ಆ ಮುಸ್ಲಿಂ ನಾಡನ್ನು ಫ್ರೆಂಚರು 1830ರಿಂದ ಆಕ್ರಮಿಸಿಕೊಳ್ಳತೊಡಗಿದ್ದರು. ಮೊನೆ ಅಲ್ಲಿಗೆ ಹೋದದ್ದು ಆಳುವವರ ಸೈನಿಕನಾಗಿಯೇ ಎಂಬುದನ್ನು ಮರೆಯಬಾರದು. ಕಾಯಿಲೆಯಿಂದಾಗಿ 1862ರಲ್ಲಿ ಮರಳಿ ಬಂದರು. ಅತ್ತೆ ಹಣ ಕಟ್ಟಿ ಸೇವೆಯಿಂದ ಬಿಡಿಸಿದರು. ಆದರೆ ಆ ನಾಡಿನ ಬೆಳಕು ಮತ್ತು ಬಣ್ಣ ತಮ್ಮ ಮುಂದಿನ ಕೆಲಸಕ್ಕೆಲ್ಲ ಬೀಜವಾಯಿತೆಂದು ಮುಪ್ಪಿನಲ್ಲಿ ಅವರೇ ಒಪ್ಪಿಕೊಂಡಿದ್ದಾರೆ.

ಇನ್ನು ಜಪಾನಿನ ಮಾತಿಗೆ ಬರೋಣ. ಎರಡು ಶತಮಾನಕ್ಕೂ ಹೆಚ್ಚು ಕಾಲ ಜಪಾನ್ ಹೊರಗಿನವರಿಗೆ ಬಹುತೇಕ ಮುಚ್ಚಿದ ಬಾಗಿಲಾಗಿತ್ತು. 1854ರಲ್ಲಿ ಅಮೆರಿಕದ ಯುದ್ಧನೌಕೆಗಳ ಒತ್ತಡಕ್ಕೆ ಮಣಿದು ಬಂದರುಗಳನ್ನು ತೆರೆಯಬೇಕಾಯಿತು. ಕೂಡಲೇ ಚಹಾ, ರೇಷ್ಮೆ, ಪಿಂಗಾಣಿಯ ಜೊತೆಗೆ ಮರದ ಅಚ್ಚಿನಿಂದ ಮುದ್ರಿಸಿದ ಬಣ್ಣದ ಚಿತ್ರಗಳೂ ಯುರೋಪಿಗೆ ಬಂದವು. ಜಪಾನಿನಲ್ಲಿ ಇವು ಜನಸಾಮಾನ್ಯರು ಕೊಳ್ಳುವ ಅಗ್ಗದ ಚಿತ್ರಗಳು. ಹೊಕುಸಾಯ್, ಹಿರೋಶಿಗೆ, ಉತಮಾರೊ ಇವುಗಳ ಪ್ರಸಿದ್ಧ ಕಲಾವಿದರು. 1867ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಜಪಾನ್ ಪಾಲ್ಗೊಂಡ ಮೇಲಂತೂ ಪ್ಯಾರಿಸ್ಸಿಗೆ ಜಪಾನಿನ ಹುಚ್ಚೇ ಹಿಡಿಯಿತು. ಮೊನೆಯೂ ಆ ಚಿತ್ರಗಳನ್ನು ಕೂಡಿಡತೊಡಗಿದರು. ಕೊನೆಗೆ ಅವರ ಮನೆಯಲ್ಲಿ ಉಳಿದ ಜಪಾನಿ ಅಚ್ಚುಚಿತ್ರಗಳ ಸಂಖ್ಯೆ 231.

ಅವುಗಳಲ್ಲಿ ಒಂದನ್ನು ನೀವು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಅದು ಹೊಕುಸಾಯ್ ಬರೆದದ್ದು. ಒಂದು ಬೌದ್ಧ ದೇವಾಲಯದ ಮರದ ಜಗಲಿ. ಜನರು ಅಲ್ಲಿ ನಿಂತು ನೀರಿನಾಚೆ, ಬಹು ದೂರದಲ್ಲಿರುವ ಫ್ಯೂಜಿ ಪರ್ವತವನ್ನು ನೋಡುತ್ತಿದ್ದಾರೆ. ಮೊನೆ 1867ರಲ್ಲಿ ಬರೆದ ಸಮುದ್ರದಂಡೆಯ ತೋಟದ ಚಿತ್ರವೊಂದು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲೂ ಹಾಗೆಯೇ ಎತ್ತರದಿಂದ ಕಾಣುವ ಜಗಲಿ, ಸಮುದ್ರದ ಕಡೆ ಮುಖ ಮಾಡಿದ ಜನ, ಪಟ್ಟಿಪಟ್ಟಿಯಾಗಿ ಹರಡಿದ ಬಣ್ಣ. ಆ ದೇವಾಲಯದ ಜಗಲಿಯೇ ಈ ತೋಟಕ್ಕೆ ಪ್ರೇರಣೆಯಾಗಿರಬಹುದು ಎಂದು ಕಲಾವಿಮರ್ಶಕರು ಹೇಳುತ್ತಾರೆ.

1870ರಲ್ಲಿ ಮೊನೆ ಕಮಿಲ್ ಎಂಬುವರನ್ನು ಮದುವೆಯಾದರು. ಅದೇ ವರ್ಷ ಯುದ್ಧ ಬಂದು ಸಂಸಾರ ಲಂಡನ್ನಿಗೆ ಓಡಿಹೋಗಬೇಕಾಯಿತು. ಮರಳಿದ ಮೇಲೆ 1874ರಲ್ಲಿ ಗೆಳೆಯರೊಡನೆ ಸೇರಿ ಸ್ವಂತ ಪ್ರದರ್ಶನ ಏರ್ಪಡಿಸಿದರು. ಅದರಲ್ಲಿ ಸೂರ್ಯೋದಯವನ್ನು ಕುರಿತ ಮೊನೆಯವರ ಚಿತ್ರದ ಹೆಸರಿನಲ್ಲಿ ಇಂಪ್ರೆಷನ್ ಎಂಬ ಪದವಿತ್ತು. ಪತ್ರಿಕೆಯ ವಿಮರ್ಶಕನೊಬ್ಬ ಆ ಪದವನ್ನೇ ಹಿಡಿದು ಗೇಲಿ ಮಾಡಿದ. ಇಂಪ್ರೆಷನಿಸಂ ಎಂಬ ದೊಡ್ಡ ಕಲಾಪಂಥಕ್ಕೆ ಹೆಸರು ಬಂದದ್ದು ಆ ಗೇಲಿಯಿಂದ.

1876ರಲ್ಲಿ ಮೊನೆ ಬರೆದ ಒಂದು ಚಿತ್ರ ನಮ್ಮ ವಿಷಯಕ್ಕೆ ಮುಖ್ಯ. ಎರಡು ಮೀಟರಿಗೂ ಎತ್ತರದ ಚಿತ್ರ. ಕಮಿಲ್ ಕೆಂಪು ಜಪಾನಿ ನಿಲುವಂಗಿ ತೊಟ್ಟು, ಕೈಯಲ್ಲಿ ಬೀಸಣಿಗೆ ಹಿಡಿದು, ತಲೆಗೆ ಹೊಂಗೂದಲ ಟೋಪನ್ ಹಾಕಿಕೊಂಡು ನಿಂತಿದ್ದಾರೆ. ಹಿಂದಿನ ಗೋಡೆಯ ತುಂಬ ಜಪಾನಿ ಬೀಸಣಿಗೆಗಳು. ಇದು ಸುಮಾರು 2,000 ಫ್ರಾಂಕಿಗೆ ಮಾರಾಟವಾಯಿತು. ಕೈ ಖಾಲಿಯಿದ್ದ ಮನುಷ್ಯನಿಗೆ ಅದು ದೊಡ್ಡ ಮೊತ್ತ. ಇಂದು ಇದು ಬೋಸ್ಟನ್ ನಗರದ ಕಲಾ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಮುಪ್ಪಿನಲ್ಲಿ ಮೊನೆ ಈ ಚಿತ್ರವನ್ನು ಕಸಕ್ಕೆ ಸಮಾನವೆಂದು ತಳ್ಳಿಹಾಕಿದರು. ಏಕೆಂದು ನೀವೇ ಯೋಚಿಸಿ. ಅಲ್ಲಿರುವುದು ಜಪಾನಿನ ಬಟ್ಟೆ, ಜಪಾನಿನ ಸಾಮಾನು. ಹಣವಿದ್ದರೆ ಅದನ್ನು ಅಂಗಡಿಯಲ್ಲಿ ಯಾರೂ ಕೊಳ್ಳಬಹುದು. ಇಷ್ಟಪಟ್ಟ ನಾಡಿನ ವೇಷ ತೊಡುವುದು ಹಂಬಲದ ಮೊದಲ ಮೆಟ್ಟಿಲು. ಬಹಳ ಜನ ಅಲ್ಲಿಯೇ ನಿಂತುಬಿಡುತ್ತಾರೆ.

ಮೊನೆ ನಿಲ್ಲಲಿಲ್ಲ. ಆದರೆ ಮುಂದಿನ ಮೆಟ್ಟಿಲು ಹತ್ತುವ ಮೊದಲು ಬದುಕು ಅವರನ್ನು ಬಹಳ ಕೆಳಕ್ಕೆ ತಳ್ಳಿತು. ಸಾಲಗಾರರು, ಬಾಡಿಗೆ ಬಾಕಿ, ಗೆಳೆಯರಿಗೆ ಹಣಕ್ಕಾಗಿ ಬರೆದ ದೈನ್ಯದ ಪತ್ರಗಳು. 1879ರ ಸೆಪ್ಟೆಂಬರ್ 5ರಂದು ಕಮಿಲ್ ದೀರ್ಘ ಕಾಯಿಲೆಯಿಂದ ತೀರಿಕೊಂಡಾಗ ಅವರ ವಯಸ್ಸು ಕೇವಲ 32. ಹಿಂದೆ ಇಬ್ಬರು ಗಂಡುಮಕ್ಕಳು ಉಳಿದರು, ಕಿರಿಯವನಿಗೆ ಎರಡು ವರ್ಷವೂ ತುಂಬಿರಲಿಲ್ಲ. ವ್ಯಾಪಾರದಲ್ಲಿ ದಿವಾಳಿಯಾಗಿದ್ದ ಹಳೆಯ ಪೋಷಕರೊಬ್ಬರ ಪತ್ನಿ ಆಲಿಸ್ ತಮ್ಮ ಆರು ಮಕ್ಕಳ ಜೊತೆಗೆ ಈ ಇಬ್ಬರನ್ನೂ ಸಾಕಿದರು. ಗಂಡ ತೀರಿಕೊಂಡ ಮೇಲೆ 1892ರಲ್ಲಿ ಅವರು ಮೊನೆಯವರನ್ನು ವಿವಾಹವಾದರು.

1883ರಲ್ಲಿ ಈ ದೊಡ್ಡ ಸಂಸಾರ ಸೇನ್ ನದಿಯ ಬಳಿಯ ಜಿವೆರ್ನಿ ಎಂಬ ಹಳ್ಳಿಗೆ ಬಂತು. ಮೊದಲು ಬಾಡಿಗೆಗಿದ್ದ ಮನೆಯನ್ನು ಚಿತ್ರಗಳು ಮಾರಾಟವಾಗತೊಡಗಿದ ಮೇಲೆ 1890ರಲ್ಲಿ ಕೊಂಡರು. ಊಟದ ಕೋಣೆಗೆ ಹಳದಿ ಬಣ್ಣ ಬಳಿಸಿ ಗೋಡೆಗಳ ತುಂಬ ಜಪಾನಿ ಅಚ್ಚುಚಿತ್ರಗಳನ್ನು ತೂಗುಹಾಕಿದರು. ದಿನವೂ ಅವುಗಳ ನಡುವೆಯೇ ಊಟ.

ದಿನವೂ ನೋಡಿದ್ದರಿಂದ ಆದ ಲಾಭವೇನು? ಹೊಕುಸಾಯ್ ಫ್ಯೂಜಿ ಪರ್ವತವನ್ನು ಒಂದೇ ಸಲ ಬರೆದು ಸುಮ್ಮನಾಗಿರಲಿಲ್ಲ. ಮೂವತ್ತಾರು ನೋಟಗಳು ಎಂದು ಹೆಸರಾದ ಅವರ ಮಾಲೆಯಲ್ಲಿ 46 ಚಿತ್ರಗಳಿವೆ. ಮಳೆಯಲ್ಲಿ, ಮುಂಜಾವಿನಲ್ಲಿ, ಅಲೆಯ ಮರೆಯಲ್ಲಿ ಅದೇ ಪರ್ವತ. ಮೊನೆ ಇದೇ ದಾರಿಯಲ್ಲಿ ನಡೆದರು. 1890 ಮತ್ತು 1891ರಲ್ಲಿ ಮನೆಯ ಪಕ್ಕದ ಹೊಲದಲ್ಲಿದ್ದ ಬಣವೆಗಳನ್ನು ಹೊತ್ತುಹೊತ್ತಿಗೆ, ಋತುಋತುವಿಗೆ ಬರೆದರು. ಬಣವೆ! ರೈತನ ಮಗನಿಗೆ ಅದರಲ್ಲೇನು ವಿಶೇಷ? ಆದರೆ ಮಂಜಿನ ಬೆಳಗಿನ ಬಣವೆ ನೀಲಿಯಾಗಿ, ಸಂಜೆಯ ಬಣವೆ ಕೆಂಡವಾಗಿ ಕಂಡಿತು. ಆಮೇಲೆ ರುವಾಂ ನಗರದ ದೊಡ್ಡ ಇಗರ್ಜಿಯನ್ನು ಇದೇ ರೀತಿ ಮೂವತ್ತರಷ್ಟು ಸಲ ಬರೆದರು. 1895ರ ಚಳಿಗಾಲದಲ್ಲಿ ನಾರ್ವೆಗೆ ಹೋದಾಗ ಹಿಮ ಹೊದ್ದ ಹಳ್ಳಿಯೊಂದು ಅವರಿಗೆ ಜಪಾನಿನ ಹಳ್ಳಿಯಂತೆಯೂ, ಅಲ್ಲಿನ ಬೆಟ್ಟ ಫ್ಯೂಜಿಯಂತೆಯೂ ಕಂಡಿತೆಂದು ಮನೆಗೆ ಬರೆದ ಪತ್ರದಲ್ಲಿ ತಿಳಿಸಿದರು. ಜಪಾನ್ ಈಗ ಬಟ್ಟೆಯಲ್ಲಿ ಇರಲಿಲ್ಲ, ಕಣ್ಣಿನಲ್ಲಿತ್ತು. ಇದು ಎರಡನೆಯ ಮೆಟ್ಟಿಲು.

ಮೂರನೆಯದು ಮಣ್ಣಿನ ಕೆಲಸ. 1893ರಲ್ಲಿ ಮೊನೆ ತಮ್ಮ ತೋಟದಾಚೆ, ರಸ್ತೆ ಮತ್ತು ರೈಲು ಹಳಿಯ ಆ ಬದಿಯಲ್ಲಿ ಒಂದು ತೇವದ ಜಮೀನು ಕೊಂಡರು. ಎಪ್ಟ್ ನದಿಯ ಸಣ್ಣ ಕವಲಿನಿಂದ ನೀರು ತಿರುಗಿಸಿ ಅಲ್ಲಿ ಕೊಳ ಕಟ್ಟುವ ಯೋಜನೆ. ಊರವರು ವಿರೋಧಿಸಿದರು. ಈ ಪರದೇಶದ ಗಿಡಗಳು ನೀರನ್ನು ಕೆಡಿಸುತ್ತವೆ, ಕೆಳಗೆ ಬಟ್ಟೆ ಒಗೆಯುವವರಿಗೂ ನೀರು ಕುಡಿಯುವ ದನಗಳಿಗೂ ತೊಂದರೆಯಾಗುತ್ತದೆ ಎಂಬುದು ಅವರ ಭಯ. ಹಳ್ಳಿಯವರ ಭಯವನ್ನು ನಾವು ನಗೆಯಾಡುವುದು ಬೇಡ. ಹೊಳೆಯನ್ನು ನಂಬಿ ಬದುಕುವವರು ಹಾಗೆ ಕೇಳುವುದು ಸಹಜ. ಮೊನೆ ಸಿಟ್ಟಾದರು, ಎಲ್ಲವನ್ನೂ ಹೊಳೆಗೆ ಎಸೆಯಬೇಕೆನ್ನುವಷ್ಟು ಬೇಸರಪಟ್ಟರು. ಆದರೂ ಜಿಲ್ಲಾಧಿಕಾರಿಗೆ ಅರ್ಜಿಯ ಮೇಲೆ ಅರ್ಜಿ ಬರೆದರು. ಇದು ಕಣ್ಣಿನ ಸಂತೋಷಕ್ಕಾಗಿ ಮತ್ತು ಚಿತ್ರ ಬರೆಯುವುದಕ್ಕಾಗಿ, ಇದರಿಂದ ನೀರಿಗೆ ಕೇಡಿಲ್ಲ ಎಂದು ವಿವರಿಸಿದರು. ಅದೇ ವರ್ಷದ ಜುಲೈನಲ್ಲಿ ಪರವಾನಗಿ ಸಿಕ್ಕಿತು.

ಕೊಳವಾಯಿತು. ಅದರ ಮೇಲೆ ಬಿಲ್ಲಿನಂತೆ ಬಾಗಿದ ಮರದ ಸೇತುವೆ ಬಂತು. ಜಪಾನಿನ ದೇವಾಲಯಗಳ ತೋಟದಲ್ಲಿ ಇಂಥ ಕಮಾನು ಸೇತುವೆಗಳಿರುತ್ತವೆ. ಎದೋ, ಅಂದರೆ ಇಂದಿನ ಟೋಕಿಯೋ ನಗರದ ಕಾಮೆಯ್ದೊ ದೇವಾಲಯದ ಕೊಳ, ಕಮಾನು ಸೇತುವೆ, ಮೇಲಿನಿಂದ ಇಳಿಬಿದ್ದ ವಿಸ್ಟೀರಿಯಾ ಬಳ್ಳಿಯ ಗೊಂಚಲುಗಳು, ಇವೆಲ್ಲ ಇರುವ ಚಿತ್ರವನ್ನು 1856ರಲ್ಲಿ ಹಿರೋಶಿಗೆ ಬರೆದಿದ್ದರು. ಮೊನೆಯವರ ಸೇತುವೆಯ ಮೇಲೂ ಮುಂದೆ ವಿಸ್ಟೀರಿಯಾ ಹಬ್ಬಿತು. ಸುತ್ತ ಬಿದಿರು ಬಂತು, ನೀರಿಗೆ ಬಾಗುವ ವಿಲೋ ಮರ ಬಂತು. ನೀರಿನಲ್ಲಿ ನೈದಿಲೆ ಅರಳಿತು. ಬಣ್ಣದ ನೈದಿಲೆಗಳ ಮಿಶ್ರತಳಿಗಳನ್ನು ಬೆಳೆಸುತ್ತಿದ್ದ ದಕ್ಷಿಣ ಫ್ರಾನ್ಸಿನ ಸಸ್ಯಕ್ಷೇತ್ರದಿಂದ 1894ರಲ್ಲಿ ಅವುಗಳನ್ನು ತರಿಸಿದರು. ನೀಲಿ ನೈದಿಲೆಯನ್ನೂ ಬಯಸಿದ್ದರು. ಆದರೆ ಅದು ಬೆಚ್ಚನೆಯ ನಾಡಿನ ಗಿಡ. ಜಿವೆರ್ನಿಯ ಚಳಿಯಲ್ಲಿ ಬದುಕಲಿಲ್ಲ. ಈ ನೀಲಿ ನೈದಿಲೆಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಅದರ ಮಾತು ಬರುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಜಪಾನಿನಲ್ಲಿ ಇಂಥ ಸೇತುವೆಗಳಿಗೆ ಸಾಮಾನ್ಯವಾಗಿ ಕೆಂಪು ಬಣ್ಣ. ಮೊನೆ ಹಸಿರು ಬಳಿಸಿದರು. ಕಲ್ಲಿನ ದೀಪಸ್ತಂಭ, ದೇವಾಲಯದ ಕಮಾನು ಯಾವುದನ್ನೂ ನಿಲ್ಲಿಸಲಿಲ್ಲ. ಮೊದಲಿನ ಕೆಂಪು ನಿಲುವಂಗಿಯ ಚಿತ್ರದಲ್ಲಿ ಜಪಾನಿನ ಸಾಮಾನೆಲ್ಲ ಇತ್ತು. ಇಲ್ಲಿ ಸಾಮಾನು ಕಡಿಮೆ. ಇದ್ದದ್ದು ನೀರಿನ ಹತ್ತಿರ ಸುಮ್ಮನೆ ನಿಂತು ನೋಡುವ ಅಭ್ಯಾಸ. ಆ ದೇವಾಲಯದ ತೋಟಗಳನ್ನು ಕಟ್ಟಿದವರ ಉದ್ದೇಶವೂ ಅದೇ ಅಲ್ಲವೇ?

ಕೊಳದ ಆರೈಕೆಗೆಂದೇ ಒಬ್ಬ ಮಾಲಿಯಿದ್ದ. ದೋಣಿಯಲ್ಲಿ ಕುಳಿತು ಒಣಗಿದ ಎಲೆ ತೆಗೆಯುವುದು, ನೈದಿಲೆಯ ಎಲೆಗಳ ಮೇಲಿನ ಧೂಳು ತೊಳೆಯುವುದು ಅವನ ಕೆಲಸ. ಮೋಟಾರು ಗಾಡಿಗಳ ಧೂಳು ಹೂಗಳ ಮೇಲೆ ಕೂರುತ್ತದೆಂದು ಮೊನೆ ತಮ್ಮ ಖರ್ಚಿನಲ್ಲಿ ಪಕ್ಕದ ರಸ್ತೆಗೆ ಡಾಂಬರು ಹಾಕಿಸಿದರು. ಕೊಳ ತೋಡಿದ ಕೂಡಲೇ ಚಿತ್ರ ಬರೆಯಲಿಲ್ಲ. ಗಿಡಗಳು ಬೇರೂರಲು ವರ್ಷಗಟ್ಟಲೆ ಕಾದರು. 1899ರ ಬೇಸಿಗೆಯಲ್ಲಿ ಸೇತುವೆಯ ಹನ್ನೆರಡು ಚಿತ್ರಗಳನ್ನು ಮುಗಿಸಿದರು. ಅನಂತರ ಸೇತುವೆಯೂ ಚಿತ್ರದಿಂದ ಮರೆಯಾಯಿತು, ದಡವೂ ಮರೆಯಾಯಿತು. ಉಳಿದದ್ದು ನೀರು, ನೈದಿಲೆ, ನೀರಿನಲ್ಲಿ ತಲೆಕೆಳಗಾದ ಆಕಾಶ. 1909ರಲ್ಲಿ ಇಂಥ 48 ಚಿತ್ರಗಳನ್ನು ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದರು.

ಆ ಹೊತ್ತಿಗೆ ಅವರು ಶ್ರೀಮಂತರು, ಪ್ರಸಿದ್ಧರು. ಬಯಸಿದ್ದರೆ ಹಡಗು ಹತ್ತಿ ಜಪಾನಿಗೆ ಹೋಗಬಹುದಿತ್ತು. ಲಂಡನ್ನಿಗೆ ಹೋದರು, 1908ರಲ್ಲಿ ವೆನಿಸ್ಸಿಗೆ ಹೋದರು, ಆದರೆ ಜಪಾನಿನ ನೆಲವನ್ನು ಕೊನೆಗೂ ಮೆಟ್ಟಲಿಲ್ಲ. ನಾಲ್ಕು ಹೆಜ್ಜೆಗೆ ಸಿಗುತ್ತಿದ್ದ ಕೊಳವನ್ನು ನೋಡಿ ಮುಗಿಸುವುದೇ ಅವರಿಗೆ ಸಾಧ್ಯವಾಗಿರಲಿಲ್ಲ.

ಮತ್ತೆ ಕಷ್ಟದ ದಿನಗಳು ಬಂದವು. 1911ರಲ್ಲಿ ಆಲಿಸ್ ತೀರಿಕೊಂಡರು. 1914ರಲ್ಲಿ ಹಿರಿಯ ಮಗ ಜಾನ್ ತೀರಿಕೊಂಡ. 1912ರಲ್ಲೇ ವೈದ್ಯರು ಎರಡೂ ಕಣ್ಣುಗಳಲ್ಲಿ ಪೊರೆ ಬರುತ್ತಿದೆ ಎಂದಿದ್ದರು. ಬೆಳಕನ್ನೇ ನಂಬಿ ಬದುಕಿದವನಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇರೇನಿದೆ? ಅದೇ ಸಮಯಕ್ಕೆ ಮೊದಲ ಮಹಾಯುದ್ಧ ಶುರುವಾಯಿತು. ಎಷ್ಟೋ ಜನ ಊರು ಬಿಟ್ಟರು. ಎಪ್ಪತ್ತು ದಾಟಿದ್ದ ಮೊನೆ ಬಿಡಲಿಲ್ಲ. ತೋಟದಲ್ಲಿ ದೊಡ್ಡ ಕಾರ್ಯಾಗಾರ ಕಟ್ಟಿಸಿ, ಎರಡು ಮೀಟರ್ ಎತ್ತರದ ಬಟ್ಟೆಗಳ ಮೇಲೆ ಕೊಳವನ್ನು ಬರೆಯತೊಡಗಿದರು. ಬಣ್ಣಗಳು ಕಣ್ಣಿಗೆ ಕದಡಿ ಕಾಣುತ್ತಿದ್ದುದರಿಂದ ಕೊಳವೆಗಳ ಮೇಲಿನ ಹೆಸರು ನೋಡಿ ಬಣ್ಣ ಆರಿಸುತ್ತಿದ್ದರು. ಆ ವರ್ಷಗಳಲ್ಲಿ ಬರೆದ ಸೇತುವೆಯ ಚಿತ್ರಗಳು ಕೆಂಪು, ಕಂದು ಬಣ್ಣದ ಬೆಂಕಿಯಂತಿವೆ.

1918ರ ನವೆಂಬರ್ 11ರಂದು ಯುದ್ಧ ನಿಂತಿತು. ಮರುದಿನವೇ ಮೊನೆ ತಮ್ಮ ಗೆಳೆಯರೂ ಫ್ರಾನ್ಸಿನ ಪ್ರಧಾನಿಯೂ ಆಗಿದ್ದ ಕ್ಲೆಮಾಂಸೊ ಅವರಿಗೆ ಪತ್ರ ಬರೆದು ಎರಡು ಚಿತ್ರಗಳನ್ನು ದೇಶಕ್ಕೆ ಕಾಣಿಕೆಯಾಗಿ ಕೊಡುವುದಾಗಿ ತಿಳಿಸಿದರು. ಆ ಕಾಣಿಕೆ ಬೆಳೆದು ಎರಡು ಅಂಡಾಕಾರದ ಕೋಣೆಗಳನ್ನು ತುಂಬುವ ಎಂಟು ಬೃಹತ್ ಚಿತ್ರಗಳಾಯಿತು. 1923ರಲ್ಲಿ ಕ್ಲೆಮಾಂಸೊ ಒತ್ತಾಯದ ಮೇಲೆ ಬಲಗಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಕನ್ನಡಕ ಹಾಕಿಕೊಂಡು ಮತ್ತೆ ಬರೆದರು. ಹಿಡಿಸದ ಚಿತ್ರಗಳನ್ನು ಹರಿದು ಸುಟ್ಟರು. 1926ರ ಡಿಸೆಂಬರ್ 5ರಂದು, 86ನೆಯ ವಯಸ್ಸಿನಲ್ಲಿ, ಜಿವೆರ್ನಿಯಲ್ಲೇ ಕಣ್ಣು ಮುಚ್ಚಿದರು. ಶವಪೆಟ್ಟಿಗೆಯ ಮೇಲೆ ಹೊದಿಸಿದ್ದ ಕಪ್ಪು ಬಟ್ಟೆಯನ್ನು ಕ್ಲೆಮಾಂಸೊ ತೆಗೆಸಿ ಹೂಗಳ ಬಟ್ಟೆ ಹೊದಿಸಿದರು ಎಂದು ಹೇಳುತ್ತಾರೆ. 1927ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಒರಾಂಜರಿ ಕಟ್ಟಡದಲ್ಲಿ ಆ ಚಿತ್ರಗಳು ಜನರಿಗೆ ತೆರೆದವು.

ಮೊನೆ ಜಪಾನಿಗೆ ಹೋಗಲಿಲ್ಲ ಎಂದೆ. ಆದರೆ ಜಪಾನ್ ಅವರಲ್ಲಿಗೆ ಬಂತು. ಅವರು ಬದುಕಿದ್ದಾಗಲೇ ಜಪಾನಿನ ಅತಿಥಿಗಳು ಜಿವೆರ್ನಿಗೆ ಬಂದು ಹೋಗುತ್ತಿದ್ದರು. ಹಡಗು ಕಟ್ಟುವ ಉದ್ಯಮಿ ಮತ್ಸುಕಾತಾ ಕೊಜಿರೊ ಅವರು ಮೊನೆಯವರ ಕೈಯಿಂದಲೇ ಚಿತ್ರಗಳನ್ನು ಕೊಂಡರು. ಅವರ ಸಂಗ್ರಹವನ್ನೇ ಆಧಾರವಾಗಿಟ್ಟುಕೊಂಡು 1959ರಲ್ಲಿ ಟೋಕಿಯೋದಲ್ಲಿ ಪಾಶ್ಚಾತ್ಯ ಕಲೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯ ತೆರೆಯಿತು. ಜಿವೆರ್ನಿಯ ತೋಟ ಹಾಳುಬಿದ್ದಿತ್ತು. ಅದನ್ನು ಮತ್ತೆ ಕಟ್ಟಿ 1980ರಲ್ಲಿ ಸಾರ್ವಜನಿಕರಿಗೆ ತೆರೆದರು. 2000ದಲ್ಲಿ ಜಪಾನಿನ ಶಿಕೋಕು ದ್ವೀಪದ ಕಿತಗಾವಾ ಎಂಬ ಸಣ್ಣ ಹಳ್ಳಿಯವರು ಜಿವೆರ್ನಿಯ ಮಾದರಿಯಲ್ಲಿ, ಮೊನೆಯ ಹೆಸರಿನಲ್ಲೇ ಒಂದು ತೋಟ ಮಾಡಿದರು. ಅಲ್ಲಿಯೂ ಕೊಳ, ಅಲ್ಲಿಯೂ ಹಸಿರು ಸೇತುವೆ. ಶಿಕೋಕು ಬೆಚ್ಚನೆಯ ಸೀಮೆ. ಆದ್ದರಿಂದ ಮೊನೆ ಬಯಸಿ ಬಯಸಿ ಬೆಳೆಸಲಾಗದೆ ಹೋದ ನೀಲಿ ನೈದಿಲೆ ಅಲ್ಲಿ ಬೇಸಿಗೆಯಲ್ಲಿ ಅರಳುತ್ತದೆ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರಿಗೆ ಹೋಗಬೇಕೆಂಬ ಊರು, ಸೇರಬೇಕೆಂಬ ಕಾಲೇಜು, ಕಲಿಯಬೇಕೆಂಬ ವಿದ್ಯೆ ಇದೆ. ಹಣವಿಲ್ಲ, ಮನೆಯ ಜವಾಬ್ದಾರಿ ಇದೆ, ಅನುಮತಿ ಸಿಗದು. ಇವು ನೆಪಗಳಲ್ಲ, ನಿಜವಾದ ಅಡ್ಡಿಗಳು. ಹಠ ಹಿಡಿದರೆ ಎಲ್ಲವೂ ಸಿಗುತ್ತದೆ ಎಂದು ನಾನು ಹೇಳಲಾರೆ. ಮೊನೆಗೂ ನೀಲಿ ನೈದಿಲೆ ಸಿಗಲಿಲ್ಲ. ಆದರೆ ಇಷ್ಟಪಟ್ಟದ್ದರ ವೇಷ ತೊಟ್ಟು ತೃಪ್ತರಾಗಬೇಡಿ, ಸಿಗಲಿಲ್ಲವೆಂದು ಕೊರಗುತ್ತಲೂ ಕೂರಬೇಡಿ. ಅದನ್ನು ಚೆನ್ನಾಗಿ ನೋಡಿ, ಕಲಿಯಿರಿ, ನಿಮ್ಮ ಪಾಲಿಗೆ ಬಂದ ನೆಲದಲ್ಲಿ ಅದರ ಒಂದು ಗಿಡವನ್ನಾದರೂ ನೆಡಿ. ನೆಟ್ಟ ಗಿಡದಿಂದ ಹಕ್ಕಿ ತಿಂದರೂ ನೆಟ್ಟವನಿಗೆ ಸದಕಾದ ಪುಣ್ಯವಿದೆ ಎಂದು ಚಿಕ್ಕಂದಿನಿಂದ ಕೇಳಿದವರು ನಾವು. ಹೂ ನಮ್ಮ ಕಣ್ಣೆದುರೇ ಅರಳಬೇಕೆಂಬ ಷರತ್ತು ಅದರಲ್ಲಿಲ್ಲ.